ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ

ನಮ್ಮ ಕಡೆ "ವಿಶೇಷ" ಅಂತ ಒಂದು ಶಬ್ದ ಉಂಟು. ಮದುವೆಯಾಗಿ ಆರು ತಿಂಗಳವರೆಗೆ ಅದಕ್ಕೆ "ಎಂತ ಸಮಾಚಾರ" ಎಂಬಷ್ಟೇ ಅರ್ಥ. ಆರು ತಿಂಗಳು ಕಳೆದ ಮೇಲೆ ಅದೇ ಶಬ್ದ ಹೊಟ್ಟೆಯ ಕಡೆ ನೋಡಲು ಶುರುಮಾಡುತ್ತದೆ. ಕಾಪು ಪೇಟೆಯಲ್ಲಿ ಮೀನು ತೆಗೆದುಕೊಳ್ಳುವಾಗ, ಕಾರ್ಕಳದಲ್ಲಿ ಮದುವೆ ಊಟದ ಸಾಲಿನಲ್ಲಿ ಕಾಯುವಾಗ, ಉಡುಪಿಯ ರಥಬೀದಿಯಲ್ಲಿ ಚಪ್ಪಲಿ ಹುಡುಕುವಾಗ, "ಮತ್ತೆ, ಎಂತಾದ್ರೂ ವಿಶೇಷ ಉಂಟಾ?" ಕೇಳುವವರ ಕಣ್ಣು ಯಾವತ್ತೂ ನನ್ನ ಮೇಲೆ ಇರುತ್ತಿರಲಿಲ್ಲ. ನನ್ನ ಪಕ್ಕ ನಿಂತವಳ ಮೇಲೆ ಇರುತ್ತಿತ್ತು. ನಾನು ಆ ಹೊತ್ತಿಗೆ ಸರಿಯಾಗಿ ಫೋನ್ ತೆಗೆದು ಏನೋ ಓದುವ ನಾಟಕ ಮಾಡುತ್ತಿದ್ದೆ.

ಆ ವರ್ಷವೇ ಮಣಿಪಾಲದ ನಮ್ಮ ಬಾಡಿಗೆ ಫ್ಲಾಟಿನ ಫ್ರಿಜ್ಜಿನ ಬಾಗಿಲಿಗೆ ಮೊದಲ ಪಟ್ಟಿ ಬಂದು ಅಂಟಿಕೊಂಡಿತು. ಕಾರ್ಕಳದ ದೊಡ್ಡಮ್ಮ ವಾರಪತ್ರಿಕೆಯಿಂದ ಕತ್ತರಿಸಿ ಕೊಟ್ಟದ್ದು, ಬೇಗ ಗರ್ಭ ಧರಿಸಲು ಹತ್ತು ಸೂತ್ರ. ಆಮೇಲೆ ಇವಳ ಆಫೀಸಿನ ಗೆಳತಿ ಕಳಿಸಿದ ಹದಿನೈದು ಆಹಾರ. ಆಮೇಲೆ ಕಾಪುವಿನಿಂದ ನನ್ನ ಅಮ್ಮ ತಾನೇ ಕೈಯಲ್ಲಿ ಬರೆದು ಕೊಟ್ಟ ಒಂದು. ಎರಡು ವರ್ಷದಲ್ಲಿ ಹನ್ನೊಂದು ಪಟ್ಟಿಗಳಾದವು. ನಮ್ಮ ಮನೆಯಲ್ಲಿ ಇಷ್ಟು ಗಮನ ಕೊಟ್ಟು, ಇಷ್ಟು ಸಲ ಓದಿದ ಕನ್ನಡ ಬರಹ ಬೇರೆ ಇಲ್ಲ. ಕತೆಗೆ, ಸಿನಿಮಾಕ್ಕೆ, ಹೋಟೆಲಿನ ಮಸಾಲೆದೋಸೆಗೆ ಕೂಡಾ ವಿಮರ್ಶೆ ಬರೆಯುವವರಿದ್ದಾರೆ. ಈ ಪಟ್ಟಿಗಳಿಗೆ ಬರೆದದ್ದನ್ನು ನಾನು ನೋಡಿಲ್ಲ. ಹಾಗಾಗಿ ನಾನೇ ಕೂತೆ.

ನಾನು ಸಾಹಿತ್ಯ ಓದಿದವನಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಬೇರೆಯವರು ಬರೆದದ್ದರಲ್ಲಿ ಎಲ್ಲಿ ಎಡವಟ್ಟು ಉಂಟು ಅಂತ ಹುಡುಕುವುದೇ ದಿನವಿಡೀ ಕೆಲಸ. ಅಂಥವನು ನನ್ನನ್ನೇ ಒಮ್ಮೆ ಟೆಸ್ಟ್ ಮಾಡಿಸಿಕೊಳ್ಳಲು ಹದಿನೆಂಟು ತಿಂಗಳು ತೆಗೆದುಕೊಂಡೆ. ಆ ಹದಿನೆಂಟು ತಿಂಗಳು ನನ್ನನ್ನು ಆರಾಮವಾಗಿ ಸೋಫಾದ ಮೇಲೆ ಕೂರಿಸಿದ್ದರಲ್ಲಿ ಈ ಪಟ್ಟಿಗಳ ಪಾಲೂ ಉಂಟು. ಅದಕ್ಕೇ ಈ ವಿಮರ್ಶೆ ನಿಷ್ಪಕ್ಷಪಾತದ್ದು ಅಂತ ನಾನು ಹೇಳುವುದಿಲ್ಲ.

ಮೊದಲು ವ್ಯಾಕರಣ ನೋಡುವ. ಪಟ್ಟಿಯ ಪ್ರತಿ ವಾಕ್ಯವೂ ಆಜ್ಞೆ. ತಿನ್ನಿ, ಕುಡಿಯಿರಿ, ಬಿಡಿ, ನಡೆಯಿರಿ, ಬೇಗ ಮಲಗಿ, ನಗುನಗುತ್ತಾ ಇರಿ. ಕನ್ನಡದ ಈ ಕ್ರಿಯಾಪದಗಳಿಗೆ ಲಿಂಗ ಇಲ್ಲ, ಗಂಡಸಿಗೂ ಆಗುತ್ತದೆ ಹೆಂಗಸಿಗೂ ಆಗುತ್ತದೆ. ಆದರೆ ಮೂರನೆಯ ಸಾಲಿಗೆ ಬರುವಾಗ "ನಿಮ್ಮ ಮುಟ್ಟಿನ ಚಕ್ರ" ಬರುತ್ತದೆ, ನಾಲ್ಕನೆಯದರಲ್ಲಿ "ನಿಮ್ಮ ಪತಿ" ಬರುತ್ತಾನೆ. ಶಾಲೆಯಲ್ಲಿ ಕಲಿತದ್ದು ನೆನಪು ಮಾಡಿಕೊಳ್ಳಿ: ಎದುರಿಗಿರುವವರಿಗೆ ಮಧ್ಯಮ ಪುರುಷ, ಅಲ್ಲಿ ಇಲ್ಲದವರಿಗೆ ಪ್ರಥಮ ಪುರುಷ. ಪಟ್ಟಿಯಲ್ಲಿ ಹೆಂಗಸು ಮಧ್ಯಮ ಪುರುಷ. ಗಂಡಸು ಪ್ರಥಮ ಪುರುಷ, ಅಂದರೆ ಮಾತಾಡುವ ಜಾಗದಲ್ಲೇ ಇಲ್ಲದವನು. ಹನ್ನೊಂದು ಪಟ್ಟಿಯಲ್ಲಿ ಗಂಡಸಿಗೆ ಅಂತಲೇ ಬರೆದ ಸಾಲುಗಳನ್ನು ಎಣಿಸಿದೆ. ಒಂದು ಕೈಯ ಬೆರಳು ಸಾಕಾಯಿತು. ಅದರಲ್ಲಿ ಎರಡು ಸಾಲು "ಪತಿಯ ಸಹಕಾರ ಅಗತ್ಯ" ಅಂತ. ನಮ್ಮೂರಲ್ಲಿ ಸಹಕಾರ ಅಂದರೆ ಎಂತದು ಅಂತ ಎಲ್ಲರಿಗೂ ಗೊತ್ತು. ಸೊಸೈಟಿಗೆ ಶೇರು ಹಾಕುವುದು, ವರ್ಷಕ್ಕೊಂದು ಸಲ ಮಹಾಸಭೆಗೆ ಹೋಗಿ ಚಾ ಕುಡಿದು ಬರುವುದು. ನಾನು ಅಷ್ಟನ್ನು ಮಾಡುತ್ತಿದ್ದೆ.

ವೈದ್ಯಶಾಸ್ತ್ರದ ಲೆಕ್ಕ ಬೇರೆ. ಮಗುವಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಐದರಲ್ಲಿ ಒಂದು ಕಡೆ ಅದೊಂದೇ ಕಾರಣ. ಇದು ಹೊಸ ಸಂಶೋಧನೆ ಅಲ್ಲ, ಪಠ್ಯಪುಸ್ತಕದ ಮಾತು. ಹಾಗಿದ್ದೂ ಪಟ್ಟಿ ಅರ್ಧ ಜನರನ್ನು ಹೊರಗಿಟ್ಟೇ ಮಾತಾಡುತ್ತದೆ.

ಇದರ ಬೇರು ಭಾಷೆಯಲ್ಲೂ ಉಂಟು. ಕನ್ನಡದಲ್ಲಿ "ಬಂಜೆ" ಎಂಬ ಶಬ್ದ ಉಂಟು, ಅದಕ್ಕೆ ಆಡುಮಾತಿನಲ್ಲಿ ಪುಲ್ಲಿಂಗ ಇಲ್ಲ. ಗಂಡಸಿಗೆ ಬಳಸುವ ಬೈಗುಳಗಳೆಲ್ಲ ಬೇರೆಯೇ ವಿಷಯಕ್ಕೆ ಸಂಬಂಧಪಟ್ಟವು. ಅವು ಹೇಳುವುದು ಹಾಸಿಗೆಯಲ್ಲಿ ಆಗುವುದಿಲ್ಲ ಅಂತ, ವೀರ್ಯಾಣು ಕಡಿಮೆ ಅಂತ ಅಲ್ಲ. ಎರಡೂ ಒಂದೇ ಅಲ್ಲ. ಎಲ್ಲ ರೀತಿಯಲ್ಲೂ ಸರಿ ಇರುವ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು, ಅವನಿಗೆ ಅದು ಗೊತ್ತಾಗುವ ಒಂದೇ ಒಂದು ಲಕ್ಷಣವೂ ಇರುವುದಿಲ್ಲ. ಪತ್ರಿಕೆಗಳು ಇದಕ್ಕೆ "ಪುರುಷ ಬಂಜೆತನ" ಅಂತ ಬರೆಯುತ್ತವೆ. ಹೆಣ್ಣಿನ ಶಬ್ದಕ್ಕೆ ಗಂಡಸಿನ ಶರ್ಟು ತೊಡಿಸಿದ ಹಾಗೆ ಕಾಣುತ್ತದೆ. ಮನೆಯಲ್ಲಿ ನಾವು ಮಾತಾಡುವ ತುಳುವಿನಲ್ಲಿ ಬಂಜಿ ಅಂದರೆ ಬರೀ ಹೊಟ್ಟೆ, ಎಲ್ಲರಿಗೂ ಇರುವಂಥದ್ದು. ನಾನು ಹೆದರಿದ್ದು ಪರೀಕ್ಷೆಗೆ ಅಲ್ಲ, ಆ ಇಲ್ಲದ ಶಬ್ದಕ್ಕೆ. ಹೆಸರಿಲ್ಲದ ಕಾಯಿಲೆಯನ್ನು ನನ್ನದು ಅಂತ ಹೇಳುವುದು ಹೇಗೆ?

ಇನ್ನು ಒಂದೊಂದೇ ಸಾಲು ಪರೀಕ್ಷೆ ಮಾಡುವ. ಪಟ್ಟಿಯಲ್ಲಿ ಇರುವುದೆಲ್ಲ ಸುಳ್ಳಲ್ಲ, ಅದೇ ಇದರ ಕಷ್ಟ. ನಿಜ, ಅರೆನಿಜ, ಬರೀ ಚಂದಕ್ಕೆ ಹಾಕಿದ್ದು, ಮೂರನ್ನೂ ಒಂದೇ ಅಕ್ಷರದ ಗಾತ್ರದಲ್ಲಿ ಅಚ್ಚು ಹಾಕಿರುತ್ತಾರೆ.

ಆಹಾರ. ನಮ್ಮ ಫ್ರಿಜ್ಜಿನ ಪಟ್ಟಿಗಳು ಬೆಣ್ಣೆಹಣ್ಣು, ಸಾಲ್ಮನ್, ಕಿನೋವಾ ಅಂತ ಹೇಳುತ್ತಿದ್ದವು. ಬರೆದವರು ಮಲ್ಪೆ ಬಂದರಿನ ಭೂತಾಯಿಯನ್ನು ನೋಡಿದವರಲ್ಲ. ಸಾಲ್ಮನ್ನಿನಲ್ಲಿರುವ ಒಮೆಗಾ-3 ಕೊಬ್ಬು ನಮ್ಮ ಭೂತಾಯಿಯಲ್ಲೂ ಧಾರಾಳ ಉಂಟು. ಹಿತ್ತಿಲಿನ ಬಸಳೆ, ಹರಿವೆ ಒಳ್ಳೆಯ ಸೊಪ್ಪೇ. ಒಟ್ಟಾರೆ ಸರಿಯಾದ ಊಟ ಇಬ್ಬರಿಗೂ ಒಳ್ಳೆಯದು, ಆದರೆ ಯಾವುದೇ ಒಂದು ಹಣ್ಣು ತಿಂದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನು ಪಟ್ಟಿಗಳು "ಬೇಗ ಗರ್ಭಿಣಿಯಾಗಲು" ಅಂತ ಬರೆಯುತ್ತವೆ. ಅದರ ಮುಖ್ಯ ಕೆಲಸ ಬೇರೆ. ಮಗುವಿನ ಬೆನ್ನುಹುರಿ ರೂಪುಗೊಳ್ಳುವ ಕೊಳವೆ ಗರ್ಭ ನಿಂತ 28 ದಿನದ ಒಳಗೆ ಮುಚ್ಚಿಕೊಳ್ಳಬೇಕು, ಎಷ್ಟೋ ಜನರಿಗೆ ಆಗ ವಿಷಯವೇ ಗೊತ್ತಿರುವುದಿಲ್ಲ. ಅದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರುಮಾಡಬೇಕು ಅಂತ ಹೇಳುವುದು. ಹತ್ತು ಸೂತ್ರದಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ. ಅದನ್ನೂ ತಪ್ಪು ಕಾರಣಕ್ಕೆ ಹೊಗಳಿದ್ದಾರೆ.

ತೂಕ. ಇದು ನಿಜ, ಆದರೆ ಅರ್ಧ ಹೇಳಿದ್ದು. ತೂಕ ತುಂಬಾ ಹೆಚ್ಚಾದರೂ ತುಂಬಾ ಕಡಿಮೆಯಾದರೂ ಅಂಡೋತ್ಪತ್ತಿ ಏರುಪೇರಾಗುತ್ತದೆ. ಪಿಸಿಓಎಸ್ ಇದ್ದು ತೂಕ ಹೆಚ್ಚಿರುವವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಮುಟ್ಟು ಸರಿಹೋಗುವ ಸಾಧ್ಯತೆ ಉಂಟು. 70 ಕಿಲೋ ಇದ್ದರೆ ಮೂರೂವರೆಯಿಂದ ಏಳು ಕಿಲೋ, ಅಷ್ಟೇ. ಪಟ್ಟಿ ಈ ಲೆಕ್ಕ ಕೊಡುವುದಿಲ್ಲ, "ತೆಳ್ಳಗಾಗಿ" ಅಂತ ಹೇಳಿ ಸುಮ್ಮನಾಗುತ್ತದೆ. ಓದಿದವಳು ರಾತ್ರಿ ಊಟ ಬಿಡುತ್ತಾಳೆ. ಗಂಡನ ಹೊಟ್ಟೆಯ ಬಗ್ಗೆ ಒಂದಕ್ಷರ ಇಲ್ಲ. ಬೊಜ್ಜು ವೀರ್ಯಕ್ಕೂ ಒಳ್ಳೆಯದಲ್ಲ ಮಾರಾಯ್ರೆ.

ಸಿಗರೇಟು ನಿಜವಾದ ಖಳನಾಯಕ. ಸೇದುವ ಹೆಂಗಸರಿಗೆ ಮುಟ್ಟು ನಿಲ್ಲುವುದು ಒಂದರಿಂದ ನಾಲ್ಕು ವರ್ಷ ಮೊದಲೇ, ಗಂಡಸರಲ್ಲಿ ವೀರ್ಯದ ಗುಣಮಟ್ಟ ಕುಸಿಯುತ್ತದೆ. ಮದ್ಯ ಹೆಚ್ಚಾದರೆ ಇಬ್ಬರಿಗೂ ಕೆಟ್ಟದು. ಗರ್ಭಕ್ಕೆ ಪ್ರಯತ್ನಿಸುವಾಗ ಹೆಂಗಸರು ಪೂರ್ತಿ ಬಿಡುವುದೇ ಕ್ಷೇಮ. ಕಾಫಿಯನ್ನು ಪಟ್ಟಿ ಇದೇ ಸಾಲಿನಲ್ಲಿ ನಿಲ್ಲಿಸಿ ಬೈಯುತ್ತದೆ. ಪಾಪ, ಅದರ ತಪ್ಪು ಅಷ್ಟಿಲ್ಲ. ದಿನಕ್ಕೆ ಒಂದೆರಡು ಕಪ್ಪಿನಿಂದ ಗರ್ಭ ನಿಲ್ಲಲು ತೊಂದರೆ ಅಂತ ಕಂಡುಬಂದಿಲ್ಲ. ಇವಳು ಒಂದೂವರೆ ವರ್ಷ ಬೆಳಗಿನ ಕಾಫಿ ಬಿಟ್ಟಳು. ಎದುರಿಗೆ ಕೂತು ನಾನು ಕುಡಿಯುತ್ತಿದ್ದೆ, ಆಫೀಸಿನ ಕೆಳಗೆ ಹೋಗಿ ಸಿಗರೇಟೂ ಸೇದುತ್ತಿದ್ದೆ.

ಸಮಯ. "ಹದಿನಾಲ್ಕನೆಯ ದಿನ" ಅಂತ ಪಟ್ಟಿಗಳಿಗೆ ಒಂದು ಮೋಹ. 1995ರಲ್ಲಿ ಪ್ರಕಟವಾದ, ಈಗಲೂ ಎಲ್ಲರೂ ಆಧಾರವಾಗಿ ಹಿಡಿಯುವ ಅಮೆರಿಕದ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿದ್ದು ಹೀಗೆ: ಗರ್ಭ ನಿಲ್ಲುವುದು ಆರು ದಿನಗಳಲ್ಲಿ, ಅಂಡೋತ್ಪತ್ತಿಯ ದಿನ ಮತ್ತು ಅದರ ಹಿಂದಿನ ಐದು ದಿನ. ಮರುದಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಕಾರಣ ಸರಳ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಹುದು, ಅಂಡಕ್ಕೆ ಒಂದು ದಿನದ ಆಯುಷ್ಯವೂ ಕಷ್ಟ. ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು, ಹಿಂದಿನ ಮುಟ್ಟು ಆಗಿ ಹದಿನಾಲ್ಕನೆಯ ದಿನವೇ ಅಂತ ಇಲ್ಲ. 34 ದಿನದ ಚಕ್ರದವಳಿಗೆ ಅದು ಇಪ್ಪತ್ತನೆಯ ದಿನದ ಹತ್ತಿರ ಬರುತ್ತದೆ. ಆ ವಾರದಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ ಕೂಡಿದರೆ ಆಯಿತು. ಆಮೇಲೆ ಸೊಂಟದ ಕೆಳಗೆ ದಿಂಬಿಟ್ಟು, ಕಾಲು ಗೋಡೆಗೆ ಎತ್ತಿ ಅರ್ಧ ಗಂಟೆ ಮಲಗುವ ಸೂತ್ರ ಹನ್ನೊಂದರಲ್ಲಿ ಎಂಟು ಪಟ್ಟಿಯಲ್ಲಿತ್ತು. ಅದರಿಂದ ಪ್ರಯೋಜನ ಉಂಟು ಎಂಬುದಕ್ಕೆ ಆಧಾರವೇ ಇಲ್ಲ. ಹೋಗಬೇಕಾದವು ಕೆಲವೇ ನಿಮಿಷದಲ್ಲಿ ಹೋಗಿ ಆಗಿರುತ್ತವೆ. ಆ ಅರ್ಧ ಗಂಟೆ ಇವಳು ಫ್ಯಾನ್ ನೋಡುತ್ತಾ ಮಲಗುತ್ತಿದ್ದಳು, ನಾನು ಗೊರಕೆ ಹೊಡೆಯುತ್ತಿದ್ದೆ.

ಗಂಡಸರಿಗೆ ಹೇಳಬೇಕಾದದ್ದು ಏನೂ ಇಲ್ಲವಾ? ಬೇಕಾದಷ್ಟು ಉಂಟು, ಅದೂ ನಮ್ಮಂಥ ಕುರ್ಚಿ ಕೆಲಸದವರಿಗೆ. ವೃಷಣಗಳಿಗೆ ದೇಹಕ್ಕಿಂತ ಸ್ವಲ್ಪ ಕಡಿಮೆ ಬಿಸಿ ಬೇಕು. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟು ಒಂದು ಗಂಟೆ ಕೂತ 29 ಯುವಕರಲ್ಲಿ ಅಲ್ಲಿನ ಬಿಸಿ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರಿತ್ತು ಅಂತ 2005ರಲ್ಲಿ ಅಚ್ಚಾದ ಒಂದು ಅಧ್ಯಯನ ಹೇಳುತ್ತದೆ. ಅವರಿಗೆ ಮಕ್ಕಳಾಯಿತಾ ಇಲ್ಲವಾ ಅಂತ ಆ ಅಧ್ಯಯನ ನೋಡಿಲ್ಲ, ಹಾಗಾಗಿ ಹೆಚ್ಚು ಅರ್ಥ ಹಚ್ಚುವುದು ಬೇಡ. ಆದರೂ ಮೇಜು ಇರುವಾಗ ತೊಡೆ ಯಾಕೆ? ಇದಕ್ಕಿಂತ ದೊಡ್ಡ ಅಪಾಯ ಜಿಮ್ಮಿನದು. ಮೈ ಕಟ್ಟಲು ಹಾಕಿಸಿಕೊಳ್ಳುವ ಟೆಸ್ಟೊಸ್ಟೆರೋನ್ ಮತ್ತು ಸ್ಟೀರಾಯ್ಡ್ ಚುಚ್ಚುಮದ್ದು ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಬಲ್ಲದು. ಹೊರಗಿನಿಂದ ಗಂಡಸುತನ ತುಂಬಿಸಿಕೊಂಡರೆ ಒಳಗಿನ ಕಾರ್ಖಾನೆ ಬಾಗಿಲು ಹಾಕುತ್ತದೆ. ಇನ್ನು ಝಿಂಕ್ ಮಾತ್ರೆ: 2020ರಲ್ಲಿ ಪ್ರಕಟವಾದ, 2370 ದಂಪತಿಗಳ ಅಮೆರಿಕದ ಪ್ರಯೋಗದಲ್ಲಿ ಗಂಡಸರಿಗೆ ಝಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ಮಗು ಹುಟ್ಟುವ ಪ್ರಮಾಣದಲ್ಲಿ ವ್ಯತ್ಯಾಸ ಆಗಲಿಲ್ಲ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಅಂದರೆ ಇವತ್ತು ಸಿಗರೇಟು ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳ ಮೇಲೆ. ಗಂಡಸು ಮೊದಲ ದಿನವೇ ಶುರುಮಾಡಬೇಕು ಎಂಬುದಕ್ಕೆ ಇದೊಂದೇ ಕಾರಣ ಸಾಕಿತ್ತು.

ಎಲ್ಲ ಪಟ್ಟಿಗಳೂ ಮುಗಿಯುವುದು ಒಂದೇ ಸೂತ್ರದಲ್ಲಿ: ಒತ್ತಡ ಬೇಡ, ಟೆನ್ಶನ್ ಮಾಡ್ಬೇಡಿ. ನನಗೆ ಅತ್ಯಂತ ಸಿಟ್ಟು ಬರುವುದು ಇದರ ಮೇಲೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯೊಂದು 14 ಅಧ್ಯಯನಗಳ 3583 ಮಹಿಳೆಯರನ್ನು ಒಟ್ಟುಮಾಡಿ ನೋಡಿತು. ಐವಿಎಫ್ ಚಿಕಿತ್ಸೆಗೆ ಮೊದಲು ಆತಂಕ ಪಟ್ಟವರಿಗೂ ಪಡದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನಸ್ಸು ಹಗುರ ಇದ್ದರೆ ಬದುಕು ಹಗುರ, ಅದು ಬೇರೆ. ಆದರೆ "ಟೆನ್ಶನ್ ಮಾಡಿದ್ದಕ್ಕೇ ಆಗಲಿಲ್ಲ" ಎಂಬ ಮಾತು ಬರೀ ದುಃಖದಲ್ಲಿರುವವಳ ತಲೆಗೆ ಇನ್ನೊಂದು ತಪ್ಪು ಕಟ್ಟುವುದು. ಹನ್ನೊಂದು ಪಟ್ಟಿ ಕೊಟ್ಟು, ಮೇಲಿಂದ ನಗುತ್ತಾ ಇರು ಅಂತ ಹೇಳುವವರಿಗೆ ಎಂತ ಹೇಳುವುದು?

ಹಾಗಾದರೆ ಈ ಪಟ್ಟಿಗಳ ಮೇಲೆ ಜನರಿಗೆ ಇಷ್ಟು ನಂಬಿಕೆ ಯಾಕೆ? ಇದಕ್ಕೆ ಲೆಕ್ಕದಲ್ಲೇ ಉತ್ತರ ಉಂಟು. ಗರ್ಭನಿರೋಧಕ ಇಲ್ಲದೆ ಒಟ್ಟಿಗೆ ಬಾಳುವ ನೂರು ಜೋಡಿಗಳಲ್ಲಿ ಸುಮಾರು 85 ಜೋಡಿಗಳಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಅವರು ಆ ವರ್ಷ ಬೆಣ್ಣೆಹಣ್ಣು ತಿಂದಿದ್ದರೆ ಬೆಣ್ಣೆಹಣ್ಣಿಗೆ ಕೀರ್ತಿ, ಕಾಲು ಗೋಡೆಗೆ ಎತ್ತಿದ್ದರೆ ಗೋಡೆಗೆ ಕೀರ್ತಿ. ದೊಡ್ಡಮ್ಮನ ಹತ್ತಿರ ಸೂತ್ರ ಫಲಿಸಿದ ಹತ್ತು ಮನೆಯ ಕತೆ ಉಂಟು, ಒಂದೂ ಸುಳ್ಳಲ್ಲ. ಉಳಿದ ಹದಿನೈದು ಜೋಡಿಗಳು ಯಾರಿಗೂ ಕತೆ ಹೇಳುವುದಿಲ್ಲ. ಮದುವೆ ಮನೆಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಇದನ್ನು ಅನುಭವಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಾದರೆ ನಮ್ಮ ಆಫೀಸಿನ ಒಂದು ಮಹಡಿಯಲ್ಲೇ ಎಷ್ಟು ಜನ ಇರಬೇಕು, ಲೆಕ್ಕ ಹಾಕಿ.

ಪಟ್ಟಿಯಲ್ಲಿ ಇಲ್ಲದ್ದು ಇನ್ನೊಂದು ಉಂಟು, ತಾರೀಕು. ಈ ಸೂತ್ರಗಳನ್ನು ಎಷ್ಟು ದಿನ ಮಾಡಬೇಕು, ಯಾವಾಗ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು ಅಂತ ಹನ್ನೊಂದರಲ್ಲಿ ಒಂದೂ ಹೇಳಲಿಲ್ಲ. ವೈದ್ಯರ ನಿಯಮ ಸರಳ. ಹೆಂಡತಿಗೆ 35ರ ಒಳಗಾದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು. 40 ದಾಟಿದ್ದರೆ ಕಾಯಲೇಬಾರದು. ಮುಟ್ಟು ಅಸ್ತವ್ಯಸ್ತ ಇದ್ದರೆ, ಗಂಡನಿಗೆ ಮೊದಲೇ ಏನಾದರೂ ಆಪರೇಷನ್ ಆಗಿದ್ದರೆ ಆಗಲೂ ಕಾಯುವುದು ಬೇಡ. ಹೆಣ್ಣಿನ ಫಲವತ್ತತೆ 32ರ ಹತ್ತಿರದಿಂದ ನಿಧಾನಕ್ಕೆ, 37ರ ನಂತರ ಬೇಗಬೇಗ ಇಳಿಯುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ಸೊಪ್ಪು ಯಾವ ಹಿತ್ತಿಲಲ್ಲೂ ಇಲ್ಲ. ನಮ್ಮ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಬೇಕು. ನನ್ನ ಗೆಳೆಯನೊಬ್ಬ ದುಬೈಯಲ್ಲಿ. ಮದುವೆಯಾಗಿ ಮೂರು ವರ್ಷ, ಒಟ್ಟಿಗೆ ಇದ್ದದ್ದು ಮೂರು ತಿಂಗಳು. ಅವನು ರಜೆಯಲ್ಲಿ ಬಂದ ತಿಂಗಳು ಆ ಆರು ದಿನ ಬಸ್ಸು, ಮದುವೆ, ಕೋಲ, ನೆಂಟರ ಮನೆ ಅಂತ ಕಳೆದುಹೋದರೆ ವರ್ಷವೇ ಹೋದ ಹಾಗೆ. ಆದರೂ ಊರು ಅವನ ಹೆಂಡತಿಯನ್ನು "ಮೂರು ವರ್ಷ ಆಯ್ತಲ್ಲಾ" ಅಂತ ಕೇಳುತ್ತದೆ. ಕ್ಯಾಲೆಂಡರಿನ ತಪ್ಪಿಗೆ ಅವಳು ಕಷಾಯ ಕುಡಿಯುತ್ತಾಳೆ. ಮಣಿಪಾಲದಲ್ಲಿ ಒಬ್ಬರಿಗೆ ಹಗಲು ಶಿಫ್ಟು, ಇನ್ನೊಬ್ಬರಿಗೆ ರಾತ್ರಿ ಶಿಫ್ಟು ಇರುವ ಮನೆಗಳೂ ಹೀಗೆಯೇ.

ಇಷ್ಟು ಹೊತ್ತು ಅಚ್ಚಾದ ಪಟ್ಟಿಗಳಾಯಿತು. ನಮ್ಮ ನೆಲದ ಹಳೆಯ ಮಾತುಗಳು ಈ ವಿಷಯದಲ್ಲಿ ಎಂತ ಹೇಳುತ್ತವೆ ಅಂತಲೂ ನೋಡಬೇಕು. ಕಾರ್ಕಳದ ನಂದಳಿಕೆ ಅಂದರೆ ಮುದ್ದಣನ ಊರು ಅಂತ ಶಾಲೆಯಲ್ಲಿ ಓದಿದವರಿಗೆ ಗೊತ್ತು. ಅದು ಸಿರಿ ಜಾತ್ರೆಯ ಊರೂ ಹೌದು. ಸಿರಿ ಪಾಡ್ದನವನ್ನು ಮಾಚಾರು ಗೋಪಾಲ ನಾಯ್ಕರ ಬಾಯಿಂದ 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಪುಸ್ತಕವಾಗಿ ಬಂದಾಗ ಅದು 15,683 ಸಾಲು. ಅಷ್ಟು ದೊಡ್ಡ ಕಾವ್ಯ ಶುರುವಾಗುವುದು ಮಕ್ಕಳಿಲ್ಲದ ದುಃಖದಿಂದ. ಆ ದುಃಖ ಯಾರದು? ಮುದುಕ ಬೆರ್ಮಾಳ್ವನದು, ಒಬ್ಬ ಗಂಡಸಿನದು.

ಪಾಠ ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಎಲುಬು ಒಂದೇ. ವಂಶಕ್ಕೆ ದಿಕ್ಕಿಲ್ಲ ಅಂತ ಅಳುವ ಆಳ್ವನಿಗೆ ಉತ್ತರ ಸಿಗುವುದು ಪ್ರಶ್ನೆಯ ರೂಪದಲ್ಲಿ: ನಿನ್ನ ಹಿರಿಯರ ಬೆರ್ಮೆರ ಗುಡಿ ಪಾಳು ಬಿದ್ದಿದೆಯಲ್ಲ, ನೀನು ನೋಡಿದೆಯಾ? ಅವನು ಹೋಗಿ ಗುಡಿ ಸರಿಮಾಡುತ್ತಾನೆ. ಪ್ರಸಾದವಾಗಿ ಸಿಕ್ಕ ಪಿಂಗಾರ, ಗಂಧದಿಂದ ಸಿರಿ ಬರುತ್ತಾಳೆ. ಮುಂದಿನ ತಲೆಮಾರಿನಲ್ಲಿ ಸೊನ್ನೆಗೂ ಅದೇ ಕೊರತೆ. ಅವಳು ಕೇಳಬಾರದ ಚುಚ್ಚುಮಾತು ಕೇಳುತ್ತಾಳೆ. ಆಮೇಲೆ ಗಂಡ ಹೆಂಡತಿ ಹರಕೆ ಹೇಳುತ್ತಾರೆ, ಅಬ್ಬಗ ದಾರಗ ಹುಟ್ಟುತ್ತಾರೆ. ಹರಕೆ ಮರೆತದ್ದರ ಬೆಲೆಯನ್ನೂ ಇಬ್ಬರೂ ತೆರುತ್ತಾರೆ, ಚೆನ್ನೆಮಣೆಯ ಎದುರು ಅವಳಿಗಳು ಜಗಳವಾಡಿ ಸಾಯುತ್ತಾರೆ.

ಪಾಡ್ದನ ವೈದ್ಯಗ್ರಂಥ ಅಂತ ನಾನು ಹೇಳುವುದಿಲ್ಲ. ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ವಿಳಾಸ. ಅಲ್ಲಿ ಮೊದಲ ಪ್ರಶ್ನೆ ಗಂಡಸಿಗೆ ಬರುತ್ತದೆ, ಎದ್ದು ಹೋಗಿ ಕೆಲಸ ಮಾಡುವುದೂ ಅವನೇ. ನಮ್ಮ ಅಮ್ಮ ಮಾಡಿಸಿದ ಆಶ್ಲೇಷಾ ಬಲಿಯಲ್ಲೂ ಇದನ್ನೇ ಕಂಡೆ. ಭಟ್ಟರು ಸಂಕಲ್ಪಕ್ಕೆ ಕೂರಿಸಿದಾಗ ಮೊದಲು ನನ್ನ ಹೆಸರು, ನಕ್ಷತ್ರ ಕೇಳಿದರು, ಆಮೇಲೆ ಇವಳದ್ದು. ನಾಗದರ್ಶನದಲ್ಲಿ ದೋಷ ಹೇಳಿದರೆ ಅದು ಕುಟುಂಬದ ಮನೆಗೆ, ಎಲ್ಲ ಕವಲಿಗೆ. ಖರ್ಚೂ ಎಲ್ಲರಿಗೂ ಹಂಚಿಹೋಗುತ್ತದೆ. ಫ್ರಿಜ್ಜಿನ ಮೇಲಿನ ಆಧುನಿಕ ಪಟ್ಟಿಯೇ ಎಲ್ಲವನ್ನೂ ಒಬ್ಬಳ ತಟ್ಟೆಗೆ ಬಡಿಸಿದ್ದು.

ಹಾಗಂತ ಹಳೆಯದೆಲ್ಲ ಚಂದ ಅಂತ ಅಲ್ಲ. ಕಾರ್ಕಳದಲ್ಲಿ ಇವಳ ತಂಗಿಯ ಬಯಕೆ. ಬಳೆ ತೊಡಿಸುವ ಹೊತ್ತಿಗೆ ಹಿರಿಯರೊಬ್ಬರು ಬಹಳ ಪ್ರೀತಿಯಲ್ಲೇ ಇವಳ ಕೈ ಹಿಡಿದು, "ಈ ಒಂತೆ ಅಂಚಿ ಕುಲ್ಲು ಮಗಾ" ಅಂದರು, ನೀನು ಸ್ವಲ್ಪ ಆಚೆ ಕೂತ್ಕೋ ಅಂತ. ಇವಳು ಹೋಗಿ ಆಚೆ ಕೂತಳು. ನನ್ನನ್ನು ಯಾರೂ ಆಚೆ ಕೂರಿಸಲಿಲ್ಲ, ನಾನು ಬಡಿಸುವವರ ಜೊತೆ ಓಡಾಡುತ್ತಾ ಪಾಯಸ ಹಂಚಿದೆ. ಇನ್ನೊಂದು ತೊಂದರೆ, ಪೂಜೆಗೂ ತಾರೀಕಿಲ್ಲ. ಒಂದು ಸೇವೆ ಫಲಿಸದಿದ್ದರೆ ಇನ್ನೊಂದು ಸೇವೆ. ಅಷ್ಟರಲ್ಲಿ 33 ಹೋಗಿ 35 ಆಗುತ್ತದೆ.

ಈಗ ನನ್ನ ಕತೆ. 1953ರಲ್ಲೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ಊರು ಮಣಿಪಾಲ. ಭ್ರೂಣ ಹೇಗೆ ರೂಪುಗೊಳ್ಳುತ್ತದೆ, ಲ್ಯಾಬಿನಲ್ಲಿ ಅದನ್ನು ಹೇಗೆ ನೋಡಿಕೊಳ್ಳುವುದು ಅಂತ ಕಲಿಯಲು ದೂರದೂರದಿಂದ ವಿದ್ಯಾರ್ಥಿಗಳು ಬರುವ ಊರು. ಅಂಥ ಊರಲ್ಲಿ ಮನೆ ಮಾಡಿಕೊಂಡು ನಾನು ಒಂದು ವೀರ್ಯ ಪರೀಕ್ಷೆ ಮಾಡಿಸಲಿಲ್ಲ. ಅಷ್ಟರಲ್ಲಿ ಇವಳಿಗೆ ರಕ್ತಪರೀಕ್ಷೆ, ಸ್ಕ್ಯಾನ್, ಡೈ ಹಾಕಿ ತೆಗೆಯುವ ಎಕ್ಸ್‌ರೇ ಎಲ್ಲ ಆಗಿತ್ತು. ಆ ಎಕ್ಸ್‌ರೇ ದಿನ ನೋವಿಗೆ ಬೆವರಿ ಹೊರಗೆ ಬಂದವಳು ನನ್ನನ್ನು ನೋಡಿ, "ನಿಂದು ಯಾವಾಗ?" ಅಂತ ಕೇಳಿದಳು. ಅಷ್ಟೇ. ಕೂಗಲಿಲ್ಲ.

ಎರಡು ದಿನದ ಮೇಲೆ ಹೋದೆ. ಎರಡರಿಂದ ಏಳು ದಿನ ಸಂಯಮ, ಒಂದು ಡಬ್ಬಿ, ಒಂದು ಚಿಕ್ಕ ಕೋಣೆ. ಖರ್ಚು ನಮ್ಮಿಬ್ಬರ ಒಂದು ಭಾನುವಾರದ ಹೋಟೆಲ್ ಬಿಲ್ಲಿನಷ್ಟೂ ಅಲ್ಲ. ನೋವಿಲ್ಲ, ಸೂಜಿ ಇಲ್ಲ. ಇವಳ ಎಲ್ಲ ಪರೀಕ್ಷೆಗಿಂತ ಮೊದಲು ಆಗಬೇಕಿದ್ದದ್ದು ಇದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು. ನನ್ನದು 60 ಲಕ್ಷ. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ ಅಂತ ಡಾಕ್ಟರು ಮತ್ತೊಮ್ಮೆ ಮಾಡಿಸಿದರು, ಆಗಲೂ ಹೆಚ್ಚುಕಡಿಮೆ ಅದೇ. ವೆರಿಕೋಸೀಲ್ ಉಂಟು ಅಂದರು, ವೃಷಣದ ರಕ್ತನಾಳಗಳು ಉಬ್ಬಿಕೊಂಡಿರುವುದು. ನೂರು ಗಂಡಸರಲ್ಲಿ ಸುಮಾರು ಹದಿನೈದು ಜನರಿಗೆ ಇರುತ್ತದಂತೆ, ಹೆಚ್ಚಿನವರಿಗೆ ಏನೂ ತೊಂದರೆ ಕೊಡದೆ.

ಮನೆಗೆ ಬಂದು ರಿಪೋರ್ಟನ್ನು ಮೇಜಿನ ಮೇಲೆ ಇಟ್ಟೆ. ಇವಳು ಓದಿ, ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನ ಹನ್ನೊಂದು ಪಟ್ಟಿಗಳನ್ನೂ ಒಂದೊಂದಾಗಿ ತೆಗೆದಳು. ಹರಿಯಲಿಲ್ಲ, ಮಡಚಿ ಡ್ರಾಯರಿಗೆ ಹಾಕಿದಳು. ಆಮೇಲೆ ಕಾಫಿ ಮಾಡಿದಳು, ಎರಡು ಕಪ್ಪು.

ಈ ಥರದ ಬರಹಗಳು ಕೊನೆಗೆ ಒಂದು ಮಗುವಿನ ಫೋಟೋ ಹಾಕಿ ಮುಗಿಯುತ್ತವೆ. ನಮ್ಮ ಮನೆಯಲ್ಲಿ ಇದನ್ನು ಬರೆಯುವಾಗಲೂ ಇಬ್ಬರೇ. ಚಿಕಿತ್ಸೆ ನಡೆಯುತ್ತಾ ಉಂಟು, ಎಂತ ಆಗುತ್ತದೆ ಗೊತ್ತಿಲ್ಲ. ಸಿಗರೇಟು ಬಿಟ್ಟೆ, ಆರು ಕಿಲೋ ಇಳಿಸಿದೆ, ಲ್ಯಾಪ್‌ಟಾಪ್ ಮೇಜಿಗೆ ಹೋಯಿತು. ಒಳ್ಳೆಯ ಅಭ್ಯಾಸಗಳು ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸಬಹುದು, ಭರವಸೆ ಕೊಡಲಾರವು. ಇದನ್ನು ಮೊದಲೇ ಹೇಳುವ ಪಟ್ಟಿ ಸಿಕ್ಕಿದ್ದರೆ ನಾವು ಹದಿನೆಂಟು ತಿಂಗಳು ಕಳೆದುಕೊಳ್ಳುತ್ತಿರಲಿಲ್ಲ. ಯಾರಾದರೂ ಹೊಸ ಪಟ್ಟಿ ಬರೆಯುವುದಾದರೆ ನನ್ನ ಬೇಡಿಕೆ ಎರಡೇ. ಭಟ್ಟರ ಸಂಕಲ್ಪದ ಹಾಗೆ ಮೇಲ್ಗಡೆ ಇಬ್ಬರ ಹೆಸರು ಬರೆಯಿರಿ. ಕೆಳಗಡೆ ಡಾಕ್ಟರ ಹತ್ತಿರ ಹೋಗುವ ತಾರೀಕು ಹಾಕಿ. ನಡುವೆ ಬೆಣ್ಣೆಹಣ್ಣಾದರೂ ಇರಲಿ, ಬಸಳೆಯಾದರೂ ಇರಲಿ.

ಹೋದ ವಾರ ಕಾಪುವಿನಲ್ಲಿ ಬಂಗುಡೆ ತೆಗೆದುಕೊಳ್ಳುತ್ತಿದ್ದೆವು. ಮೀನಿನ ಅಕ್ಕ ಎಂದಿನ ಹಾಗೆ ಇವಳ ಕಡೆ ನೋಡಿ, "ಎಂತ ಮಾರಾಯ್ತಿ, ವಿಶೇಷ ಉಂಟಾ?" ಅಂದರು. ಫೋನ್ ಕಿಸೆಯಲ್ಲೇ ಇತ್ತು. "ನಂದೇ ಟ್ರೀಟ್‌ಮೆಂಟ್ ನಡೀತಾ ಉಂಟು ಅಕ್ಕ, ನನಗೇ ಪ್ರಾಬ್ಲೆಮ್ ಇರುವುದು" ಅಂದೆ. ಅವರು ಮೀನು ಕೊಚ್ಚುವ ಕೈ ನಿಲ್ಲಿಸಿ, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.